ತಂಬೂರಿ ಸಾಫ್ಟ್‌ವೇರಿನ ಧ್ವನಿಯನ್ನು ನೇರವಾಗಿ ರೀಪರ್‌ನಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರ್) ರೆಕಾರ್ಡ್ ಮಾಡುವುದು ಹೇಗೆ?

ಸ್ಪೀಕರ್ ಎದುರು ಮೈಕ್ ಇಟ್ಟು ತಂಬೂರಿ ರೆಕಾರ್ಡ್ ಮಾಡ್ತಿದ್ದೇನೆ, ನನ್ನದು ವಿಂಡೋಸ್, ಗೆಳೆಯನದು ಮ್ಯಾಕ್ ಅಂತ ಬರೆದಿದ್ದೀರಿ. ಮೈಕ್ ಬೇಡವೇ ಬೇಡ. ನಾನು ಉಡುಪಿಯಲ್ಲಿ ಮನೆಯಲ್ಲೇ ಭಾಗವತಿಕೆ, ಚೆಂಡೆ-ಮದ್ದಳೆ ರೆಕಾರ್ಡ್ ಮಾಡುವವನು. ಆಟಿ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮೈಕಿಗೆ ಬರುವುದು ತಂಬೂರಿಯಲ್ಲ, ಮಳೆಯೇ!

ವಿಂಡೋಸ್‌ಗೆ ವಿಬಿ-ಕೇಬಲ್ ಹಾಕಿಕೊಳ್ಳಿ; ಒಂದು ಸಾಫ್ಟ್‌ವೇರಿನ ಧ್ವನಿಯನ್ನು ಇನ್ನೊಂದಕ್ಕೆ ಒಯ್ಯುವ ಕಾಣದ ವೈರ್ ಅದು. ಸೌಂಡ್ ಸೆಟ್ಟಿಂಗ್ಸ್‌ನ ವಾಲ್ಯೂಮ್ ಮಿಕ್ಸರ್‌ನಲ್ಲಿ ತಂಬೂರಿಯ ಔಟ್‌ಪುಟ್‌ಗೆ 'ಕೇಬಲ್ ಇನ್‌ಪುಟ್' ಕೊಡಿ. ರೀಪರ್‌ನಲ್ಲಿ ಇನ್‌ಪುಟ್‌ಗೆ 'ಕೇಬಲ್ ಔಟ್‌ಪುಟ್'. ಹೆಸರು ಉಲ್ಟಾ ಅನಿಸುತ್ತದೆ, ಆದರೆ ಸರಿಯೇ: ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಯಲ್ಲಿ ಬರುತ್ತದೆ. ರೀಪರ್‌ನ ಔಟ್‌ಪುಟ್ ಮಾತ್ರ ಹೆಡ್‌ಫೋನಿಗೇ ಇರಲಿ. ಅದನ್ನೂ ಕೇಬಲ್‌ಗೆ ಕೊಟ್ಟರೆ ಧ್ವನಿ ಸುತ್ತಿ ಸುತ್ತಿ ಬಂದು ಕೂಗು ಏಳುತ್ತದೆ.

ತೊಡಕು ಇರುವುದು ಏಷಿಯೋದಲ್ಲಿ, ಅಂದರೆ ಧ್ವನಿ ತಡವಾಗದಂತೆ ನೋಡಿಕೊಳ್ಳುವ ಡ್ರೈವರಿನಲ್ಲಿ. ಇಂಟರ್‌ಫೇಸ್‌ನ (ಮೈಕ್ ಚುಚ್ಚುವ ಪೆಟ್ಟಿಗೆಯ) ಏಷಿಯೋ ಡ್ರೈವರ್ ಹಾಕಿದರೆ ರೀಪರ್‌ಗೆ ಅದೊಂದೇ ಕಾಣುತ್ತದೆ, ಕೇಬಲ್ ಮಾಯ. ವಾಯ್ಸ್‌ಮೀಟರ್ ಎಂಬ ಮಿಕ್ಸರ್ ಸಾಫ್ಟ್‌ವೇರ್ ಹಾಕಿ ಎರಡನ್ನೂ ಸೇರಿಸಬಹುದು, ನನಗಂತೂ ಅದು ಜಾಸ್ತಿ ತಲೆನೋವು. ತಂಬೂರಿ ಹೇಗೂ ಒಂದೇ ಸಮ ನುಡಿಯುವುದು ಅಲ್ವಾ? ರೀಪರ್‌ನಲ್ಲಿ ಡ್ರೈವರನ್ನು ವಿಂಡೋಸ್‌ನದ್ದೇ ಆದ ವಸಾಪಿಗೆ ಬದಲಿಸಿ, ಹತ್ತು ನಿಮಿಷ ಅದೊಂದನ್ನೇ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಏಷಿಯೋಗೆ ಬಂದು ಅದರ ಮೇಲೆ ಹಾಡಿ.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುವುದು ಎಂಬ ಲೆಕ್ಕ) ಎಲ್ಲ ಕಡೆ ಒಂದೇ ಇರಲಿ, 48,000 ಆದರೆ 48,000. ಒಂದು ಕಡೆ 44,100 ಇದ್ದರೆ ಟಕ್ ಟಕ್ ಸದ್ದು ಬರಬಹುದು. 48,000ದ ಧ್ವನಿಯನ್ನು ಬದಲಿಸದೆ 44,100ರಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಭಾಗವತರು ಸುಮ್ನೆ ಬಿಡ್ತಾರಾ?

ಗೆಳೆಯನ ಮ್ಯಾಕ್‌ನಲ್ಲಿ ವಿಬಿ-ಕೇಬಲ್‌ನಂಥದ್ದೇ ಆದ ಬ್ಲಾಕ್‌ಹೋಲ್ ಸಾಕು. 'ಆಡಿಯೋ ಮಿಡಿ ಸೆಟಪ್'ನಲ್ಲಿ ಅದನ್ನೂ ಇಂಟರ್‌ಫೇಸನ್ನೂ ಸೇರಿಸಿ ಅಗ್ರಿಗೇಟ್ ಡಿವೈಸ್ ಮಾಡಲಿ. ಕ್ಲಾಕ್ ಇಂಟರ್‌ಫೇಸಿನದ್ದು, ಬ್ಲಾಕ್‌ಹೋಲ್ ಎದುರು ಡ್ರಿಫ್ಟ್ ಕರೆಕ್ಷನ್ ಟಿಕ್. ಲಿನಕ್ಸ್‌ನವರೇ ಪುಣ್ಯವಂತರು: ಧ್ವನಿ ಹಂಚುವ ಪೈಪ್‌ವೈರ್ ಇದ್ದರೆ ಕ್ಯೂಪಿಡಬ್ಲ್ಯೂಗ್ರಾಫ್ ತೆರೆದು ಮೌಸಿನಲ್ಲಿ ತಂಬೂರಿಯಿಂದ ರೀಪರ್‌ಗೆ ಗೆರೆ ಎಳೆದರೆ ಮುಗಿಯಿತು.

ಇವೆಲ್ಲ ಒಂದೇ ಕಂಪ್ಯೂಟರಿನ ಒಳಗಿನ ಮಾತು. ಅವನ ಮ್ಯಾಕ್‌ನಿಂದ ನಿಮ್ಮ ಲ್ಯಾಪ್‌ಟಾಪ್‌ಗೆ ಧ್ವನಿ ಬರಬೇಕಾದರೆ ಎರಡರಲ್ಲೂ ಸೋನೋಬಸ್ (ನೆಟ್‌ವರ್ಕ್ ಮೂಲಕ ಧ್ವನಿ ಕಳಿಸುವ ಸಾಫ್ಟ್‌ವೇರ್) ಹಾಕಿ. ವೈಫೈ ನಂಬಬೇಡಿ, ರೂಟರ್‌ಗೆ ಲ್ಯಾನ್ ವೈರ್ ಚುಚ್ಚಿ.