ಅಣಬೆಯ ಕಿಣ್ವವೂ ನಿಮ್ಮ ಕೆನ್ನೆಯೂ

ಓದುಗರೊಬ್ಬರ ಪತ್ರ: "ಕೆನ್ನೆಯ ಕಪ್ಪು ಕಲೆಗೆ ಮೂರು ವಾರದಿಂದ ಅತಿಮಧುರದ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚುತ್ತಿದ್ದೇನೆ. ಏನೂ ಗುಣವಿಲ್ಲ. ಅದರ ಸಾರ ಮೆಲನಿನ್ ತಡೆಯುತ್ತದೆಂದು ಸಂಶೋಧನೆಯೇ ಹೇಳುತ್ತದಲ್ಲ? ನಿಂಬೆರಸ ಸೇರಿಸಲೇ? ಗಿಡಮೂಲಿಕೆ ತಾನೆ, ಅಪಾಯವಿಲ್ಲವಲ್ಲ?"

ಸಂಪಾದಕರ ಉತ್ತರ: ಮೊದಲು ನಿಮ್ಮ ಬಟ್ಟಲಿನಲ್ಲಿ ಏನಿದೆ ನೋಡೋಣ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ಅನ್ನು ತಡೆಯುತ್ತದೆಂದು ಹೆಸರಾಗಿರುವುದು ಅತಿಮಧುರದ ಬೇರಿನಲ್ಲಿರುವ ಗ್ಲಾಬ್ರಿಡಿನ್. ಅದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಥನಾಲ್‌ನಂಥ ದ್ರಾವಕ ಬೇಕು. ನೀರಿಗೆ ಇಳಿಯುವುದು ಸಿಹಿ ಕೊಡುವ ಗ್ಲಿಸಿರೈಜಿನ್. ಒಣಬೇರಿನಲ್ಲಿ ಗ್ಲಾಬ್ರಿಡಿನ್ ಇರುವುದೇ ಶೇ. 1ಕ್ಕಿಂತ ಎಷ್ಟೋ ಕಡಿಮೆ, ಅದೂ ನಾರಿನೊಳಗೆ ಸಿಕ್ಕಿಕೊಂಡು. 1998ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗದಲ್ಲಿ ಗಿನಿಪಿಗ್‌ಗಳ ಚರ್ಮಕ್ಕೆ ಹಚ್ಚಿದ್ದು ಬೇರ್ಪಡಿಸಿ ತೆಗೆದ ಗ್ಲಾಬ್ರಿಡಿನ್‌ನ ಶೇ. 0.5ರ ಲೇಪ. ನಿಮ್ಮ ಲೇಪಕ್ಕೂ ಅದಕ್ಕೂ ಹೆಸರೊಂದೇ ಸಮಾನ.

ಇನ್ನು "ಸಂಶೋಧನೆ ಹೇಳುತ್ತದೆ" ಎಂಬ ಮಾತು. ಮೆಲನಿನ್ ತಯಾರಿಯ ಮೊದಲ ಹೆಜ್ಜೆ ನಡೆಸುವುದು ಟೈರೋಸಿನೇಸ್ ಎಂಬ, ತಾಮ್ರ ಹೊತ್ತ ಕಿಣ್ವ. ಸಸ್ಯಸಾರಗಳ ಪರೀಕ್ಷೆಗೆ ಬಹುತೇಕ ಪ್ರಯೋಗಾಲಯಗಳು ಬಳಸುವುದು ಅಣಬೆಯಿಂದ ತೆಗೆದ ಟೈರೋಸಿನೇಸನ್ನು, ಏಕೆಂದರೆ ಅದು ಸುಲಭವಾಗಿ ಸಿಗುತ್ತದೆ. ಗುಳಿಗಳಿರುವ ತಟ್ಟೆಯಲ್ಲಿ ಕಿಣ್ವಕ್ಕೆ, ಮೆಲನಿನ್ ಆಗುವ ದಾರಿಯಲ್ಲಿ ಬರುವ ಡೋಪಾ ಎಂಬ ವಸ್ತುವನ್ನು ಬೆರೆಸಿದರೆ ಕಿತ್ತಳೆ ಬಣ್ಣ ಮೂಡುತ್ತದೆ. ಅದನ್ನು 475 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಸಾರ ಸುರಿದಾಗ ಬಣ್ಣ ಇಳಿದರೆ "ಶೇ. ಇಷ್ಟು ತಡೆ" ಎಂದು ಬರೆಯುತ್ತಾರೆ. ಎಡವಟ್ಟು ಆಗುವುದು ಇಲ್ಲೇ. ಸಾರಕ್ಕೆ ತನ್ನದೇ ಕಡು ಬಣ್ಣವಿದ್ದರೆ ಅಳತೆ ತಪ್ಪುತ್ತದೆ. ಒಗರು ಕೊಡುವ ಟ್ಯಾನಿನ್ ಹೆಚ್ಚಿದ್ದರೆ ಅದು ಯಾವ ಪ್ರೋಟೀನಿಗೂ ಅಂಟಿಕೊಳ್ಳುವಂತೆ ಈ ಕಿಣ್ವಕ್ಕೂ ಅಂಟುತ್ತದೆ, ಆದರೆ ಅಷ್ಟು ದೊಡ್ಡ ಅಣು ಚರ್ಮದ ಮೇಲ್ಪದರ ದಾಟುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯನ ಟೈರೋಸಿನೇಸ್‌ನ ರಚನೆ ಬೇರೆ. ಕಲೆ ತಿಳಿಗೊಳಿಸುವ ಕ್ರೀಮುಗಳಲ್ಲಿ ಬಳಸುವ ಕೋಜಿಕ್ ಆಮ್ಲ ಅಣಬೆಯ ಕಿಣ್ವವನ್ನು ಚೆನ್ನಾಗಿ ಕಟ್ಟಿಹಾಕುತ್ತದೆ, ಮನುಷ್ಯನ ಕಿಣ್ವದ ಮುಂದೆ ಬಲು ದುರ್ಬಲ. ಅಂಥದೇ ಇನ್ನೊಂದು ವಸ್ತು ಆರ್ಬುಟಿನ್ ಇನ್ನೂ ದುರ್ಬಲ.

ನಿಂಬೆರಸ ಖಂಡಿತ ಬೇಡ. ಅದರ ಪಿಎಚ್ (ಕಡಿಮೆಯಾದಷ್ಟೂ ಆಮ್ಲತೆ ಹೆಚ್ಚು) 2ರ ಆಸುಪಾಸು, ಚರ್ಮದ್ದು 5ರ ಹತ್ತಿರ. ಸಾಲದ್ದಕ್ಕೆ ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಬಿಸಿಲಿಗೆ ಕೆರಳುವ ಫ್ಯುರೋಕೌಮರಿನ್ ಎಂಬ ವಸ್ತುಗಳಿವೆ. ಬಿಸಿಲು ತಾಗಿದರೆ ಬೊಬ್ಬೆ ಎದ್ದು, ಆಮೇಲೆ ತಿಂಗಳುಗಟ್ಟಲೆ ಕಂದು ಕಲೆ ಉಳಿಯಬಹುದು.

ಗಿಡದ್ದಾದರೆ ಅಪಾಯವಿಲ್ಲ ಎನ್ನುವವರು ರೋಡೋಡೆಂಡ್ರಾಲ್‌ನ ಕಥೆ ತಿಳಿಯಬೇಕು. ಕೆಲವು ಮರಗಳ ತೊಗಟೆಯಲ್ಲೂ ಇರುವ ಈ ವಸ್ತುವನ್ನು ಶೇ. 2ರಷ್ಟು ಸೇರಿಸಿದ, ಚರ್ಮ ಬಿಳುಪಾಗಿಸುವ ಕ್ರೀಮುಗಳು ಜಪಾನಿನಲ್ಲಿ ಅನುಮತಿ ಪಡೆದೇ ಮಾರಾಟವಾದವು. ಸಾವಿರಾರು ಜನರ ಮುಖ, ಕತ್ತು, ಕೈಗಳಲ್ಲಿ ಬಿಳಿ ತೇಪೆ ಎದ್ದವು. 2013ರಲ್ಲಿ ಅವನ್ನು ಹಿಂಪಡೆಯಲಾಯಿತು. ಟೈರೋಸಿನೇಸ್ ಅದನ್ನು ತನ್ನ ಮಾಮೂಲಿ ಆಹಾರವೆಂದೇ ಹಿಡಿದು ವಿಷಕಾರಿ ಕ್ವಿನೋನ್ ಮಾಡಿ, ತಾನಿದ್ದ ಜೀವಕೋಶವನ್ನೇ ಕೊಂದಿತು.

ಈಗ ನೀವು ಮಾಡಬಹುದಾದದ್ದು. ಮೈಬಣ್ಣವನ್ನೇ ಬದಲಿಸುವ ಆಸೆ ಕೈಬಿಡಿ, ಗುರಿ ಕಲೆಯೊಂದೇ ಇರಲಿ. ದಿನವೂ ಸನ್‌ಸ್ಕ್ರೀನ್ ಹಚ್ಚಿ: ಮುಖ, ಕತ್ತಿಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ಗಂಟೆಗೊಮ್ಮೆ. ಕಲೆ ಬಂಗು ಆಗಿದ್ದರೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಮೇಲು, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆದಕುತ್ತದೆ. ಸಾರವಿರುವ ಕ್ರೀಮು ಕೊಳ್ಳುವುದಾದರೆ ಸಸ್ಯದ ಹೆಸರಷ್ಟೇ ಅಲ್ಲ, ವಸ್ತುವಿನ ಹೆಸರೂ ಶೇಕಡಾವಾರೂ ನೋಡಿ. ಮುಂಗೈ ಒಳಭಾಗದಲ್ಲಿ ನಾಣ್ಯದಗಲ, ದಿನಕ್ಕೆ ಎರಡು ಸಲ, ಏಳು ದಿನ ಹಚ್ಚಿ ಪರೀಕ್ಷಿಸಿ.

ಮೂರು ವಾರ ಯಾವ ಔಷಧಕ್ಕೂ ಸಾಲದು. ಈಗಾಗಲೇ ತುಂಬಿಕೊಂಡ ಮೆಲನಿನ್ ಜೀವಕೋಶಗಳ ಜೊತೆ ಮೇಲಕ್ಕೆ ಬಂದು ಉದುರಲು ನಾಲ್ಕರಿಂದ ಆರು ವಾರ ಬೇಕು. ಎರಡು ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದಿಡಿ. 12 ವಾರವಾದರೂ ವ್ಯತ್ಯಾಸ ಕಾಣದಿದ್ದರೆ ಪ್ರಮಾಣ ಹೆಚ್ಚಿಸಬೇಡಿ, ಚರ್ಮವೈದ್ಯರಿಗೆ ತೋರಿಸಿ. ಬೂದುನೀಲಿ ಛಾಯೆಯ ಕಲೆ ಒಳಪದರದ್ದು, ಲೇಪಕ್ಕೆ ಸುಲಭವಾಗಿ ಬಗ್ಗದು. ಹಚ್ಚಿದ ಜಾಗದಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಕಂಡರೂ ಅಂದೇ ನಿಲ್ಲಿಸಿ.