ಇಂಜೆಕ್ಟರಿಗೆ ಸೂಜಿ ಹಾಕಬೇಡಿ

ಪ್ರಶ್ನೆ: ನನ್ನ ಪೆಟ್ರೋಲ್ ಕಾರು 90,000 ಕಿಲೋಮೀಟರ್ ಓಡಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಗಡಗಡ ನಡುಗುತ್ತದೆ, ಓಡುವಾಗ ತೊಂದರೆಯಿಲ್ಲ. ಇಂಜಿನ್ನಿಗೆ ಪೆಟ್ರೋಲು ಸಿಂಪಡಿಸುವ ಇಂಜೆಕ್ಟರ್ ಕಟ್ಟಿದೆ ಅನ್ನುತ್ತಾರೆ ಸ್ನೇಹಿತರು. ಮನೆಯಲ್ಲೇ ಬಿಚ್ಚಿ, ಸ್ಪ್ರೇ ಹೊಡೆದು, ಸೂಜಿಯಿಂದ ತೂತು ಬಿಡಿಸಬಹುದೇ?

ಉತ್ತರ: ಬಿಚ್ಚಬಹುದು. ಸೂಜಿ ಮಾತ್ರ ಬೇಡ ಮಾರಾಯರೆ! ಕೆಲಸ ಕಲಿಯುವಾಗ ನಾನೂ ಇದೇ ಬುದ್ಧಿವಂತಿಕೆ ತೋರಿಸಿದ್ದೆ. ತುದಿಯ ತೂತು ಕೂದಲೆಳೆಯಷ್ಟು ಸಣ್ಣದು. ಪೆಟ್ರೋಲು ಅದರಿಂದ ಮಂಜಿನ ಹಾಗೆ ಚದುರಿ ಬರಬೇಕು. ನಾನು ಸೂಜಿ ಆಡಿಸಿದ ಮೇಲೆ ಹಾಲು ಕರೆದಂತೆ ಒಂದೇ ಧಾರೆ ಬಂತು. ಹೊಸ ಇಂಜೆಕ್ಟರಿನ ದುಡ್ಡು ನನ್ನ ಸಂಬಳದಲ್ಲಿ ಮುರಿದುಕೊಂಡರು.

ನಿಮ್ಮ ಕಾರಿನಲ್ಲಿ ತಪ್ಪು ಇಂಜೆಕ್ಟರಿನದೇ ಎಂದು ಗೊತ್ತಾಗಿದೆಯೆ? ಸವೆದ ಸ್ಪಾರ್ಕ್ ಪ್ಲಗ್, ಅದಕ್ಕೆ ಕರೆಂಟು ಕೊಡುವ ಸೋತ ಕಾಯಿಲ್, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಮಸಿ, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪು, ಎಲ್ಲವೂ ಹೀಗೇ ನಡುಗಿಸುತ್ತವೆ. ಮೊದಲು ಅವನ್ನು ನೋಡಿ. ಆಮೇಲೆ ಇಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೈಗೆ ಮುಟ್ಟಿಸಿ, ಹಿಡಿಗೆ ಕಿವಿಗೊಡಿ (ಫ್ಯಾನು, ಬೆಲ್ಟಿನಿಂದ ದೂರ ಇರಿ). ಟಿಕ್‌ಟಿಕ್ ಸದ್ದು ನಾಲ್ಕರಲ್ಲೂ ಒಂದೇ ಥರ ಕೇಳಬೇಕು. ಒಂದು ಮೂಕವಾಗಿದ್ದರೆ ಇಂಜಿನ್ ಆರಿಸಿ, ಅದರ ವೈರಿನ ಪ್ಲಗ್ ಕಳಚಿ, ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿಯಿರಿ: ಈಗಿನ ಬಹುಪಾಲು ಕಾರುಗಳಲ್ಲಿ 12ರಿಂದ 16 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಹೋಗಿದೆ, ಎಷ್ಟು ತೊಳೆದರೂ ವ್ಯರ್ಥ. ಸದ್ದು ಬಂದರೆ ಚೊಕ್ಕಟವಾಗಿದೆ ಎಂದೂ ಅಲ್ಲ. ಬಾಯಿ ತೆರೆದು ಮುಚ್ಚುತ್ತಿದೆ ಎಂದಷ್ಟೇ.

ಕೊಳೆ ಕಟ್ಟುವುದು ಹೆಚ್ಚಾಗಿ ಕಾರು ನಿಲ್ಲಿಸಿದ ಮೇಲೆ. ತುದಿಯಲ್ಲಿ ಉಳಿದ ಹನಿ ಇಂಜಿನ್ನಿನ ಬಿಸಿಗೆ ಆರಿ ಅಂಟಾಗಿ ಕೂರುತ್ತದೆ. ತೆಳು ಪದರವಾದರೆ ಪಾಲಿಈಥರ್‌ಅಮೈನ್ ಇರುವ ಕ್ಲೀನರ್ ಕರಗಿಸೀತು. ಬಾಟಲಿಯ ಮೇಲೆ ಬರೆದಷ್ಟೇ ಟ್ಯಾಂಕಿಗೆ ಹಾಕಿ, ಆ ಟ್ಯಾಂಕು ಮುಗಿಯುವವರೆಗೆ ಓಡಿಸಿ ನೋಡಿ.

ಅಷ್ಟಕ್ಕೂ ಬಗ್ಗದಿದ್ದರೆ ಬಿಚ್ಚಿ. ಮಾಮೂಲಿ ಪೋರ್ಟ್ ಇಂಜೆಕ್ಷನ್ನಿನ (ಸಿಲಿಂಡರಿನ ಹೊರಗೆ, ಗಾಳಿಯ ದಾರಿಯಲ್ಲಿ ಪೆಟ್ರೋಲು ಸಿಂಪಡಿಸುವ ಬಗೆ) ಲೈನಿನಲ್ಲೂ ಸುಮಾರು 3 ಬಾರ್ ಒತ್ತಡ ಇರುತ್ತದೆ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ಆರುವವರೆಗೆ ಓಡಿಸಿ. ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಬಯಲಲ್ಲಿ, ಕಣ್ಣು ಕಾಯುವ ಕನ್ನಡಕ ಹಾಕಿಕೊಂಡು ಕೆಲಸ ಮಾಡಿ. ಡೀಸೆಲ್ ಅಥವಾ ಡೈರೆಕ್ಟ್ ಇಂಜೆಕ್ಷನ್ (ನೇರ ಸಿಲಿಂಡರಿನೊಳಗೇ ಸಿಂಪಡಿಸುವ ಬಗೆ) ಆಗಿದ್ದರೆ ಕೈ ಹಾಕಲೇಬೇಡಿ. ಡೀಸೆಲ್ ಕಾಮನ್ ರೈಲಿನಲ್ಲಿ (ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಕೊಳವೆ) ಒತ್ತಡ 1,500 ಬಾರ್ ದಾಟುತ್ತದೆ, ಧಾರೆ ಚರ್ಮವನ್ನೇ ತೂರುತ್ತದೆ.

ಬಿಚ್ಚಿದ ಇಂಜೆಕ್ಟರಿಗೆ 9 ವೋಲ್ಟ್ ಬ್ಯಾಟರಿ ಮುಟ್ಟಿಸಿ, ಬಾಯಿ ತೆರೆಸಿ ಸ್ಪ್ರೇ ಹಾಯಿಸುವವರಿದ್ದಾರೆ. ಕಿಡಿಯೂ ಪೆಟ್ರೋಲಿನಂಥ ಆವಿಯೂ ಒಂದೇ ಕಡೆ ಸೇರುವ ಕೆಲಸ, ನನಗೆ ಒಗ್ಗದು. ಬಿಚ್ಚಿದ ನಾಲ್ಕನ್ನೂ ಅಲ್ಟ್ರಾಸಾನಿಕ್ ಮೆಷಿನ್ (ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಯಂತ್ರ) ಇರುವವರಿಗೆ ಕೊಡಿ. ಅಲ್ಲಿ ನಾಲ್ಕು ಗಾಜಿನ ಕೊಳವೆಗಳಲ್ಲಿ ಯಾವುದು ಎಷ್ಟು ಸುರಿಸುತ್ತದೆಂದು ಕಣ್ಣಾರೆ ಕಾಣುತ್ತದೆ. ಮನೆಯಲ್ಲಿ ಅದೊಂದು ಸಿಗುವುದಿಲ್ಲ.

ಜೋಡಿಸುವಾಗ ಇಂಜೆಕ್ಟರಿನ ಹಳೇ ಓ-ರಿಂಗ್ (ಸೋರದಂತೆ ಹಿಡಿಯುವ ರಬ್ಬರ್ ಬಳೆ) ಎಸೆದು, ಹೊಸದಕ್ಕೆ ಒಂದು ಹನಿ ಇಂಜಿನ್ ಆಯಿಲ್ ಸವರಿ. ಫ್ಯೂಸ್, ಬ್ಯಾಟರಿ ಹಾಕಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಎರಡು ಮೂರು ಸಲ ಆನ್ ಮಾಡಿ, ಪಂಪು ಲೈನಿಗೆ ಒತ್ತಡ ತುಂಬಲಿ. ಪ್ರತಿ ಇಂಜೆಕ್ಟರಿನ ಬುಡಕ್ಕೂ ಟಾರ್ಚ್ ಬಿಟ್ಟು ನೋಡಿ. ಎಲ್ಲಾದರೂ ಒದ್ದೆ ಕಂಡರೆ ಮತ್ತೆ ಬಿಚ್ಚಬೇಕು.