ಮೊಳಕೆಕಾಳು ಮೇಲೋ, ಬಾದಾಮಿ ಮೇಲೋ?

ಪ್ರಶ್ನೆ: ನಮ್ಮ ಯಜಮಾನರಿಗೆ 68 ವರ್ಷ. ದಿನವೂ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡೆದು ಹೊರಬರುವಾಗ ಗೇಟಿನ ಬಳಿ ಮಾರುವ ಮೊಳಕೆ ಹೆಸರುಕಾಳನ್ನು ಒಂದು ಲೋಟ ತಿಂದು ಬರುತ್ತಾರೆ. ಪ್ರೋಟೀನಿನಲ್ಲಿ ಇದಕ್ಕೆ ಸಮನಾದದ್ದು ಇಲ್ಲ ಎಂಬುದು ಅವರ ವಾದ. ಮಗನಾದರೋ ಮೊಬೈಲಿನಲ್ಲಿ ಪಟ್ಟಿಯೊಂದನ್ನು ತೋರಿಸಿ, 100 ಗ್ರಾಂ ಬಾದಾಮಿಯಲ್ಲಿ 21 ಗ್ರಾಂ ಪ್ರೋಟೀನ್ ಇದ್ದರೆ ಮೊಳಕೆಯಲ್ಲಿ ಇರುವುದು ಬರೀ 3 ಗ್ರಾಂ, ಆದ್ದರಿಂದ ಅಪ್ಪ ಬಾದಾಮಿಯನ್ನೇ ತಿನ್ನಲಿ ಎನ್ನುತ್ತಾನೆ. ಯಾರ ಮಾತು ಸರಿ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ತಮ್ಮ ಮಗ ತೋರಿಸಿದ ಅಂಕಿಗಳು ಸುಳ್ಳಲ್ಲ, ಆದರೆ ಅವುಗಳಿಂದ ಅವರು ತೆಗೆದ ತೀರ್ಮಾನ ನಿಲ್ಲುವುದಿಲ್ಲ. ಬಾದಾಮಿ ಒಣ ಪದಾರ್ಥ, ಅದರಲ್ಲಿರುವ ನೀರು ನೂರಕ್ಕೆ ನಾಲ್ಕೈದು ಭಾಗವಷ್ಟೆ. ಪಟ್ಟಿಯಲ್ಲಿ 3 ಗ್ರಾಂ ಎಂದು ಕಾಣಿಸುವ ಮೊಳಕೆ, ನಾಲ್ಕೈದು ದಿನ ನೀರುಣಿಸಿ ಬೆರಳುದ್ದ ಬೆಳೆಸಿದ ಬಿಳಿಯ ಮೊಳಕೆಯಾಗಿದ್ದು, ಅದರಲ್ಲಿ ಶೇಕಡಾ 90ರಷ್ಟು ನೀರೇ ಇರುತ್ತದೆ. ಲಾಲ್‌ಬಾಗಿನ ಗೇಟಿನಲ್ಲಿ ಸಿಗುವುದಾಗಲಿ, ನಾವು ಬಟ್ಟೆಯಲ್ಲಿ ಕಟ್ಟಿಟ್ಟು ಮಾಡುವುದಾಗಲಿ ಆ ಬಗೆಯದಲ್ಲ. ಬಾಲ ಇಣುಕುತ್ತಿದ್ದಂತೆಯೇ ಬಳಸುವ ನಮ್ಮ ಮೊಳಕೆಕಾಳಿನಲ್ಲಿ ನೀರು ಅಷ್ಟಿರುವುದಿಲ್ಲ, ಪ್ರೋಟೀನಿನ ಪ್ರಮಾಣ ಪಟ್ಟಿಯಲ್ಲಿರುವುದಕ್ಕಿಂತ ಸಾಕಷ್ಟು ಹೆಚ್ಚಿರುತ್ತದೆ. ಒಣ ಹೆಸರುಕಾಳಿನಲ್ಲಿ ಪ್ರೋಟೀನ್ 100 ಗ್ರಾಮಿಗೆ 22ರಿಂದ 24 ಗ್ರಾಂ, ಅಂದರೆ ಬಾದಾಮಿಗೆ ಸರಿಸಮಾನವಾಗಿದೆ. ನೆನೆದು ಮೊಳೆತಾಗ ಕಾಳಿನ ತೂಕ ಎರಡು ಪಟ್ಟು ಮೀರುತ್ತದೆ, ಇದ್ದ ಪ್ರೋಟೀನ್ ಆ ನೀರಿನ ತೂಕದಲ್ಲಿ ಹಂಚಿಹೋಗುತ್ತದೆ, ಅಷ್ಟೆ.

ಹೀಗಾಗಿ ತೂಕಕ್ಕೆ ತೂಕ ಇಟ್ಟು ನೋಡುವುದನ್ನು ಬಿಟ್ಟು, ತಟ್ಟೆಗೆ ಬರುವಷ್ಟನ್ನು ಲೆಕ್ಕ ಹಾಕೋಣ. 25 ಗ್ರಾಂ ಒಣ ಹೆಸರುಕಾಳನ್ನು ಮೊಳಕೆ ಬರಿಸಿದರೆ ಒಂದು ಸಣ್ಣ ಬಟ್ಟಲು ತುಂಬುತ್ತದೆ. ಅದರಿಂದ ಸುಮಾರು 6 ಗ್ರಾಂ ಪ್ರೋಟೀನ್ ಮತ್ತು ಸುಮಾರು 80 ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ. ಅಷ್ಟೇ ಪ್ರೋಟೀನ್ ಬಾದಾಮಿಯಿಂದ ಬರಬೇಕಾದರೆ 30 ಗ್ರಾಂ, ಅಂದರೆ ಹೆಚ್ಚುಕಡಿಮೆ 25 ಬಾದಾಮಿಗಳನ್ನು ತಿನ್ನಬೇಕು; ಆಗ 180 ಕಿಲೋಕ್ಯಾಲರಿ ಶಕ್ತಿಯೂ ಸುಮಾರು 15 ಗ್ರಾಂ ಕೊಬ್ಬೂ ಒಳಗೆ ಹೋಗುತ್ತವೆ. ಇಷ್ಟು ಬಾದಾಮಿಗೆ ತಗಲುವ ಖರ್ಚು ಹೆಸರುಕಾಳಿನ ಹಲವು ಪಟ್ಟು ಎಂಬುದನ್ನು ಮನೆಯ ದಿನಸಿ ಚೀಟಿ ಬರೆಯುವ ತಮಗೆ ನಾನು ಹೇಳಬೇಕಾಗಿಲ್ಲ. ಪ್ರೋಟೀನ್ ಒಂದನ್ನೇ ಮುಂದಿಟ್ಟುಕೊಂಡರೆ ಕಾಳಿನ ಪರವಾಗಿಯೇ ನನ್ನ ತೀರ್ಪು.

ಹಾಗೆಂದು ತಮ್ಮ ಯಜಮಾನರು ಪೂರ್ತಿ ಗೆದ್ದರೆಂದು ತಿಳಿಯಬೇಡಿ. ಮೊಳಕೆ ಬರಿಸಿದರೆ ಪ್ರೋಟೀನ್ ಹೆಚ್ಚುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದು ನಿಜವಲ್ಲ. ಬರಿ ನೀರನ್ನು ಕುಡಿದು ಬೆಳೆಯುವ ಕಾಳಿಗೆ, ಪ್ರೋಟೀನ್ ಕಟ್ಟಲು ಬೇಕಾದ ಸಾರಜನಕ ಹೊಸದಾಗಿ ಸಿಗುವ ದಾರಿಯಿಲ್ಲ. ತನ್ನಲ್ಲಿದ್ದ ಪಿಷ್ಟವನ್ನು ಸ್ವಲ್ಪ ಉರಿಸಿ ಬೆಳೆಯುವುದರಿಂದ, ಒಣತೂಕದ ಲೆಕ್ಕದಲ್ಲಿ ಪ್ರೋಟೀನಿನ ಶೇಕಡಾವಾರು ತುಸು ಏರಿದಂತೆ ಕಾಣಿಸುತ್ತದೆ. ಮೊಳಕೆಯ ನಿಜವಾದ ಲಾಭಗಳು ಬೇರೆ. ಕಾಳು ಎಚ್ಚರಗೊಂಡಾಗ ಅದರೊಳಗಿನ ಕಿಣ್ವಗಳು ಕೆಲಸಕ್ಕೆ ತೊಡಗಿ, ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡಿರುವ ಫೈಟೇಟ್ ಎಂಬ ಅಂಶವನ್ನು ಒಡೆಯುತ್ತವೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಮೊದಲಾದ ಸಕ್ಕರೆಗಳು ಕಡಿಮೆಯಾಗುತ್ತವೆ. ಒಣ ಕಾಳಿನಲ್ಲಿ ತೀರ ಕಡಿಮೆಯಿದ್ದ ವಿಟಮಿನ್ ಸಿ ಹೊಸದಾಗಿ ಹುಟ್ಟುತ್ತದೆ. ಆದರೂ 100 ಗ್ರಾಂ ಮೊಳಕೆಯಲ್ಲಿ ಇರುವ ವಿಟಮಿನ್ ಸಿ ಸುಮಾರು 13 ಮಿಲಿಗ್ರಾಂ ಮಾತ್ರ, ಗಂಡಸರಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ; ಅರ್ಧ ಸೀಬೆಹಣ್ಣು ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತದೆ. ಮೊಳಕೆಯಿಂದ ವಿಟಮಿನ್ ಬಿ12 ಸಿಗುತ್ತದೆಂದು ಹೇಳುವವರೂ ಇದ್ದಾರೆ. ಅದು ಮೊಳಕೆಯಲ್ಲೂ ಇಲ್ಲ, ಬಾದಾಮಿಯಲ್ಲೂ ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಅದರ ಮೂಲ.

ಇನ್ನು ಬಾದಾಮಿಯ ಬಲ ಅದರ ಕೊಬ್ಬಿನಲ್ಲಿಯೇ ಇದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಲಿವ್ ಎಣ್ಣೆಯಲ್ಲಿರುವ ಬಗೆಯ ಏಕ ಅಪರ್ಯಾಪ್ತ ಕೊಬ್ಬು. ಬೆಣ್ಣೆ, ವನಸ್ಪತಿಗಳ ಜಾಗದಲ್ಲಿ ಇದು ಬಂದರೆ ಕೆಟ್ಟ ಕೊಲೆಸ್ಟ್ರಾಲ್ ಇಳಿಯಲು ನೆರವಾಗುತ್ತದೆ. ಮೊಳಕೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ವಿಟಮಿನ್ ಇ, 30 ಗ್ರಾಂ ಬಾದಾಮಿಯಲ್ಲಿ 7 ಮಿಲಿಗ್ರಾಂ ದಾಟುತ್ತದೆ; ಮೆಗ್ನೀಸಿಯಂ 80 ಮಿಲಿಗ್ರಾಮಿನಷ್ಟು ಸಿಗುತ್ತದೆ. ಅಕ್ರೋಟಿನಲ್ಲಿ ಇದಲ್ಲದೆ ಒಮೆಗಾ-3 ಬಗೆಯ ಕೊಬ್ಬೂ ಇದೆ, ಆದರೆ ಅದಕ್ಕಾಗಿಯೇ ದುಬಾರಿ ಅಕ್ರೋಟು ಕೊಳ್ಳುವವರು ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿಯನ್ನು ಒಮ್ಮೆ ನೆನಪಿಸಿಕೊಳ್ಳಬಹುದು. ಇನ್ನೊಂದು ಕಡೆಯಿಂದ ನೋಡಿದರೆ, ಪ್ರೋಟೀನಿನ ಮುಖ್ಯ ಅಂಶಗಳಲ್ಲೊಂದಾದ ಲೈಸಿನ್ ಬಾದಾಮಿಯಲ್ಲಿ ಕಡಿಮೆ, ಹೆಸರುಕಾಳಿನಲ್ಲಿ ಧಾರಾಳ. ಅಕ್ಕಿಯಲ್ಲಿಯೂ ಲೈಸಿನ್ ಕಡಿಮೆಯಿರುವುದರಿಂದ, ಅನ್ನದ ಜೊತೆಗೆ ಮೊಳಕೆಕಾಳಿನ ಸಾರು ಅಥವಾ ಉಸಲಿ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಈ ಕೆಲಸ ಬಾದಾಮಿಯಿಂದ ಆಗದು.

ಬಸವನಗುಡಿಯವರಾದ ತಮಗೆ ಮೂರನೆಯ ದಾರಿಯೊಂದು ಮನೆಯ ಬಾಗಿಲಲ್ಲೇ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ರಾಶಿ ಬೀಳುವ ಕಡಲೆಕಾಯಿ ಹೆಸರಿಗೆ ಬೀಜವಾದರೂ ಕುಲದಲ್ಲಿ ಹೆಸರು, ಹುರುಳಿ, ಅವರೆಗಳ ಬಳಗಕ್ಕೆ ಸೇರಿದ್ದು. ಅದರಲ್ಲಿ 100 ಗ್ರಾಮಿಗೆ 25 ಗ್ರಾಮಿನಷ್ಟು ಪ್ರೋಟೀನ್ ಇದೆ, ಬಾದಾಮಿಗಿಂತ ಸ್ವಲ್ಪ ಹೆಚ್ಚೇ. ಒಳ್ಳೆಯ ಬಗೆಯ ಕೊಬ್ಬೂ ಇದೆ. ಬೂಷ್ಟು ಹಿಡಿದ, ಸುಕ್ಕುಗಟ್ಟಿದ, ಕಹಿಯಾದ ಬೀಜಗಳನ್ನು ಮಾತ್ರ ಮುಲಾಜಿಲ್ಲದೆ ಎಸೆಯಬೇಕು. ಶಿಲೀಂಧ್ರದಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೆಡುಕು, ಹುರಿದರೂ ಪೂರ್ತಿ ಹೋಗದು. ತಮ್ಮ ಯಜಮಾನರಿಗೆ ನನ್ನ ಸಲಹೆ ಇಷ್ಟು: ಮೊಳಕೆಯನ್ನು ಬಿಡುವುದು ಬೇಡ, ಅದನ್ನು ಮನೆಯಲ್ಲಿ ಬೇಯಿಸಿ ತಿನ್ನಲಿ, ಅದರೊಡನೆ ಎಂಟು ಹತ್ತು ಬಾದಾಮಿ ಅಥವಾ ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜ ಇರಲಿ. ಮೂತ್ರಪಿಂಡದ ತೊಂದರೆ ಇದ್ದರೆ ಪೊಟ್ಯಾಸಿಯಂ, ರಂಜಕ, ಪ್ರೋಟೀನ್ ಮೂರನ್ನೂ ಅಳೆದು ತಿನ್ನಬೇಕಾಗುವುದರಿಂದ ವೈದ್ಯರನ್ನು ಕೇಳದೆ ಎರಡನ್ನೂ ಹೆಚ್ಚಿಸಬಾರದು. ಬೇಯಿಸಿ ಎಂದು ಏಕೆ ಹೇಳಿದೆನೆಂಬುದಕ್ಕೆ ಮುಂದಿನ ಪತ್ರಕ್ಕೆ ಕೊಟ್ಟ ಉತ್ತರವನ್ನು ನೋಡಿ.

ಪ್ರಶ್ನೆ: ಬೇಯಿಸಿದರೆ ಮೊಳಕೆಯ ಸತ್ವವೆಲ್ಲ ಹೋಗುತ್ತದೆಯಂತೆ. ಬಸುರಿಯಾದ ನನ್ನ ಸೊಸೆಗೆ ಹಸಿ ಮೊಳಕೆ ಕೊಡಬಹುದೇ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ದಯವಿಟ್ಟು ಕೊಡಬೇಡಿ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ರೋಗಾಣುಗಳಿಗೂ ಬೇಕಾದದ್ದು. ಹೊಲದಲ್ಲೋ ಗೋದಾಮಿನಲ್ಲೋ ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಸೇರಿಕೊಂಡ ಕೆಲವೇ ರೋಗಾಣುಗಳು ಒಂದೆರಡು ದಿನಗಳಲ್ಲಿ ಲೆಕ್ಕವಿಲ್ಲದಷ್ಟಾಗುತ್ತವೆ, ಆಮೇಲೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ-ಕೊಲೈ ಸೋಂಕಿನಿಂದ 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಸಾವಿರಾರು ಮಂದಿ ಹಾಸಿಗೆ ಹಿಡಿದರು. ಗರ್ಭಿಣಿಯರು, ಎಳೆಯ ಮಕ್ಕಳು, ವಯಸ್ಸಾದವರು ಹಸಿ ಮೊಳಕೆಯನ್ನು ತಿನ್ನಬಾರದೆಂಬ ನಿಯಮ ಇಂತಹ ಅನುಭವಗಳಿಂದ ಬಂದದ್ದು. ಬೇಯಿಸಿದಾಗ ವಿಟಮಿನ್ ಸಿ ಒಂದಿಷ್ಟು ನಷ್ಟವಾಗುವುದು ನಿಜ. ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿದರೆ ಆ ನಷ್ಟ ತುಂಬುತ್ತದೆ, ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಪ್ರೋಟೀನ್, ನಾರು, ಖನಿಜಗಳು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಹಿರಿಯರು ಮೊಳಕೆ ಹುರುಳಿಯನ್ನು ಬೇಯಿಸಿ, ಕಟ್ಟನ್ನು ಸಾರಿಗೂ ಕಾಳನ್ನು ಪಲ್ಯಕ್ಕೂ ಬಳಸಿದ್ದರಿಂದ ಏನನ್ನೂ ಕಳೆದುಕೊಳ್ಳಲಿಲ್ಲ. ರಾಜ್ಮಾವನ್ನಂತೂ ಮೊಳಕೆ ಬರಿಸಿದರೂ ಯಾರೂ ಹಸಿಯಾಗಿ ತಿನ್ನಬಾರದು; ಅದರಲ್ಲಿರುವ ಲೆಕ್ಟಿನ್ ವಾಂತಿ ಭೇದಿಗೆ ಕಾರಣವಾಗುತ್ತದೆ, ಚೆನ್ನಾಗಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ.

ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಕಾಳು ಮೊಳೆಯಲು ಎರಡು ದಿನ ಹಿಡಿದರೆ, ಏಪ್ರಿಲಿನಲ್ಲಿ ಒಂದು ರಾತ್ರಿ ಹೆಚ್ಚಾದರೂ ಲೋಳೆಗಟ್ಟಿ ಹುಳಿವಾಸನೆ ಬರುತ್ತದೆ. ಹಾಗಾದದ್ದನ್ನು ಬೇಯಿಸಿ ಉಳಿಸಿಕೊಳ್ಳಲು ಹೋಗಬೇಡಿ.

ಪ್ರಶ್ನೆ: ಬಾದಾಮಿಯನ್ನು ನೆನೆಸಿ ಸಿಪ್ಪೆ ತೆಗೆದೇ ತಿನ್ನಬೇಕೆ?
– ಓದುಗರೊಬ್ಬರು, ವಿಜಯನಗರ

ಉತ್ತರ: ಬೇಕೇಬೇಕೆಂಬ ಕಟ್ಟುಪಾಡಿಲ್ಲ. ನೆನೆಸಿದರೆ ಮೆತ್ತಗಾಗಿ ಹಲ್ಲಿಲ್ಲದವರಿಗೆ ಅನುಕೂಲ. ಫೈಟೇಟ್ ಮಾತ್ರ ಒಂದು ರಾತ್ರಿಯ ನೆನೆಯುವಿಕೆಯಲ್ಲಿ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಅಂಗಡಿಯ ಬಾದಾಮಿ ನೆನೆಸಿದರೆ ಉಬ್ಬುತ್ತದೆಯೇ ಹೊರತು ಹೆಸರುಕಾಳಿನಂತೆ ಮೊಳೆಯುವುದು ಅಪರೂಪ, ಆದ್ದರಿಂದ ನೆನೆಸುವುದನ್ನೂ ಮೊಳಕೆ ಬರಿಸುವುದನ್ನೂ ಒಂದೇ ಎಂದು ಭಾವಿಸಬಾರದು. (ಕೋಸಂಬರಿಯ ಹೆಸರುಬೇಳೆಯ ಕತೆಯೂ ಅದೇ, ಒಡೆದ ಬೇಳೆ ಎಷ್ಟು ನೆನೆದರೂ ಮೊಳೆಯದು.) ಸಿಪ್ಪೆಯಲ್ಲಿ ನಾರೂ ಪಾಲಿಫಿನಾಲ್‌ಗಳೂ ಇರುವುದರಿಂದ, ಜೀರ್ಣವಾಗುವವರು ಅದರ ಸಮೇತ ತಿನ್ನುವುದೇ ಒಳ್ಳೆಯದು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಹಾಲಿಗೋ ಗಂಜಿಗೋ ಬೆರೆಸಿ.

ಪ್ರಶ್ನೆ: ಮೊಳಕೆ ಇಷ್ಟು ಒಳ್ಳೆಯದಾದರೆ ಮೊಳಕೆ ಬಂದ ಆಲೂಗಡ್ಡೆ, ಈರುಳ್ಳಿಗಳನ್ನೂ ತಿನ್ನಬಹುದಲ್ಲವೇ?
– ಓದುಗರೊಬ್ಬರು, ಯಶವಂತಪುರ

ಉತ್ತರ: ಈರುಳ್ಳಿ, ಬೆಳ್ಳುಳ್ಳಿಗಳಿಗೆ ಅಡ್ಡಿಯಿಲ್ಲ, ರುಚಿ ಮಾತ್ರ ಕೆಡುತ್ತದೆ. ಆಲೂಗಡ್ಡೆಯ ವಿಷಯ ಹಾಗಲ್ಲ. ಅದರ ಮೊಳಕೆಯಲ್ಲಿಯೂ ಹಸಿರುಗಟ್ಟಿದ ಸಿಪ್ಪೆಯಲ್ಲಿಯೂ ಸೊಲನಿನ್ ಎಂಬ ವಿಷ ಸೇರಿಕೊಳ್ಳುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಗಡ್ಡೆ ಗಟ್ಟಿಯಾಗಿದ್ದು ಮೊಳಕೆ ಸಣ್ಣದಾಗಿದ್ದರೆ ಆ ಭಾಗವನ್ನು ಆಳವಾಗಿ ಕೆತ್ತಿ ತೆಗೆದು ಉಳಿದದ್ದನ್ನು ಬಳಸಬಹುದು. ಸುಕ್ಕುಗಟ್ಟಿ ಹಸಿರಾಗಿದ್ದರೆ ಕುಂಡದಲ್ಲಿ ನೆಡಿ.